ಶಾಸನ ಹಳೆಯದು, ಸಿಕ್ಕಿದ್ದು ಹೊಸದು: ‘ನ್ಯೂಫೌಂಡ್’ ಬಳಸಬಹುದಾ?

ಪ್ರಶ್ನೆ (ಹಾಸನ):
ಬೇಲೂರು ಕಡೆ ಹೊಲದಲ್ಲಿ ಈಚೆಗೆ ಸಿಕ್ಕ ವೀರಗಲ್ಲಿನ ಬಗ್ಗೆ ಇಂಗ್ಲಿಷ್ ಟಿಪ್ಪಣಿ ಬರೆಯಬೇಕು. ‘ನ್ಯೂ ಸ್ಟೋನ್’ ಅಂದರೆ ಮೊನ್ನೆ ಕೆತ್ತಿಸಿದ ಹಾಗಾಗುತ್ತೆ. ‘ದಿಸ್ ಸ್ಟೋನ್ ಈಸ್ ನ್ಯೂಫೌಂಡ್’ ಸರಿಯಾ? ಕನ್ನಡದಲ್ಲಿ ಏನನ್ನಬೇಕು?

ಉತ್ತರ 1 (ಬೇಲೂರು):
ಪದ ಸರಿ, ವಾಕ್ಯ ತಪ್ಪು. ‘ನ್ಯೂಫೌಂಡ್’ ನಾಮಪದದ ಮುಂದೆಯೇ ಕೂರಬೇಕು: ‘ಎ ನ್ಯೂಫೌಂಡ್ ಹೀರೋ ಸ್ಟೋನ್’. ವಾಕ್ಯದ ಕೊನೆಗೆ ಒಯ್ದರೆ ಕೆಡುತ್ತದೆ. ಅಲ್ಲಿ ‘ವಾಸ್ ರೀಸೆಂಟ್ಲಿ ಫೌಂಡ್’ ಬರೆಯಿರಿ. ನಡುವೆ ಅಡ್ಡಗೆರೆ ಹಾಕಿದರೂ ನಡೆಯುತ್ತದೆ, ಆದರೆ ಟಿಪ್ಪಣಿಯುದ್ದಕ್ಕೂ ಒಂದೇ ರೂಪ ಇರಲಿ.

ಈ ಪದಕ್ಕೆ ಆಯಸ್ಸು ಕಡಿಮೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ 1936ರಲ್ಲಿ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಬೆಳಕಿಗೆ ತಂದಾಗ ‘ನ್ಯೂಫೌಂಡ್’. ಇವತ್ತು ಅದನ್ನು ಹಾಗೆ ಕರೆಯಲಾಗದು, ‘ಡಿಸ್ಕವರ್ಡ್ ಇನ್ 1936’ ಅಂತ ಇಸವಿ ಕೊಡಬೇಕು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮಾತ್ರ ಈ ಪದ ಹೆಸರಾಗಿ ಗಟ್ಟಿಯಾಗಿಬಿಟ್ಟಿದೆ. ನಾವಿಕ ಜಾನ್ ಕ್ಯಾಬಟ್‌ನ ಹಡಗು ಆ ಕಡೆ ಹೋದದ್ದು 1497ರಲ್ಲಿ.

ಉತ್ತರ 2 (ಚಿಕ್ಕಮಗಳೂರು):
‘ನ್ಯೂಫೌಂಡೆಡ್’ ಅಂತ ಮಾತ್ರ ಬರೆಯಬೇಡಿ, ಅಂಥ ಪದವೇ ಇಲ್ಲ. ‘ಫೈಂಡ್’ನಿಂದ ಬಂದ ‘ಫೌಂಡ್’ ಅಂದರೆ ಸಿಕ್ಕಿದ್ದು. ‘ಫೌಂಡೆಡ್’ ಅಂದರೆ ಸ್ಥಾಪಿಸಿದ್ದು. ಹೊಸ ಶಾಲೆ ‘ನ್ಯೂಲಿ ಫೌಂಡೆಡ್’. ಹೊಸ ಯಂತ್ರಕ್ಕೂ ‘ನ್ಯೂಫೌಂಡ್’ ಒಗ್ಗದು, ಅದು ಸಿಕ್ಕಿದ್ದಲ್ಲ, ಮಾಡಿದ್ದು. ‘ನಾವೆಲ್’ ಅಂದರೆ ಬಗೆಯೇ ಹೊಸದು, ಹಿಂದೆ ಅಂಥದ್ದು ಇರಲಿಲ್ಲ ಅಂತ; ವೀರಗಲ್ಲಿಗೆ ಅದೂ ಬೇಡ. ಘಟ್ಟದಲ್ಲಿ ಹೊಸ ಜಾತಿಯ ಕಪ್ಪೆ ಪತ್ತೆಯಾದರೆ ಸಂಶೋಧನಾ ಲೇಖನದಲ್ಲಿ ‘ನ್ಯೂ ಸ್ಪೀಷೀಸ್’ ಅನ್ನುವುದೇ ರೂಢಿ.

ಅಂದಹಾಗೆ, ಈ ಪದ ಹೆಚ್ಚಾಗಿ ಕಾಣುವುದು ಕಲ್ಲು ಕಪ್ಪೆಗಳ ಜೊತೆಗಲ್ಲ, ಮನಸ್ಸಿನ ಸಂಗತಿಗಳ ಜೊತೆ: ‘ನ್ಯೂಫೌಂಡ್ ಕಾನ್ಫಿಡೆನ್ಸ್’, ‘ನ್ಯೂಫೌಂಡ್ ಫ್ರೀಡಂ’. ಕನ್ನಡದಲ್ಲಿ ಹೊಸದಾಗಿ ಮೂಡಿದ ಧೈರ್ಯ, ಹೊಸದಾಗಿ ದಕ್ಕಿದ ಸ್ವಾತಂತ್ರ್ಯ. ಎಲ್ಲಕ್ಕೂ ‘ಪತ್ತೆಯಾದ’ ಅಂಟಿಸಿದರೆ ಧೈರ್ಯ ಕಳವಾಗಿ ಸಿಕ್ಕಂತೆ ಕೇಳಿಸುತ್ತದೆ.

ಉತ್ತರ 3 (ಹಾಸನ):
ಶಾಸನಕ್ಕೆ ‘ನವಶೋಧಿತ’ ಚೆನ್ನಾಗಿ ಹೊಂದುತ್ತದೆ. ಅದನ್ನು ‘ಅಪ್ರಕಟಿತ’ದ ಜೊತೆ ಬೆರೆಸಬೇಡಿ. ಊರವರು ತಲೆಮಾರುಗಳಿಂದ ಪೂಜಿಸಿಕೊಂಡು ಬಂದ, ಯಾರೂ ಓದಿ ಅಚ್ಚು ಮಾಡಿಸದ ಕಲ್ಲು ಅಪ್ರಕಟಿತ. ಮಣ್ಣಿನಿಂದ ಈಗಷ್ಟೇ ಎದ್ದದ್ದು ನವಶೋಧಿತ. ಎರಡರಲ್ಲಿ ಯಾವುದನ್ನು ಬರೆಯುವ ಮುನ್ನವೂ ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿರುವ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಊರ ಹೆಸರು ಹುಡುಕಿ: ಅದರ ಸಂಪಾದಕ ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಗೆ 5ನೇ ಸಂಪುಟ, ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿಗೆ 9ನೇ ಸಂಪುಟ. ಊರ ಹೆಸರಿನ ಹಳೆಯ ರೂಪವನ್ನೂ ನೋಡಿ. ಕಲ್ಲು ಅಲ್ಲಿ ಆಗಲೇ ದಾಖಲಾಗಿದ್ದರೆ ‘ನ್ಯೂಫೌಂಡ್’ ಕೈಬಿಡಿ, ‘ಮರುಪತ್ತೆ’ ಅನ್ನಿ.