ಅಪ್‌ಡೇಟ್: ಮಗನ ಆಟಿಸಂ ತಪಾಸಣೆ ಆಯ್ತು

ನಾಲ್ಕು ವರ್ಷದ ಮಗ ಹೆಸರು ಕರೆದರೆ ತಿರುಗುವುದಿಲ್ಲ, ಆಟಿಸಂ ಇದೆಯಾ ಅಂತ ಎಲ್ಲಿ ತೋರಿಸುವುದು ಎಂದು ಕೇಳಿದ್ದೆ ಅಲ್ವಾ? ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಎಂದವರ ಮಾತೇ ಕೆಲಸಕ್ಕೆ ಬಂತು. ಮೊಬೈಲ್‌ನಲ್ಲಿ ತುಂಬಿದ ಪ್ರಶ್ನಾವಳಿ ಅನುಮಾನ ಜಾಸ್ತಿ ಮಾಡಿತು ಅಷ್ಟೇ. 'ಗಂಡು ಮಕ್ಕಳಿಗೆ ಮಾತು ತಡ, ಕಾಯಿರಿ' ಎಂಬ ಸಲಹೆಯನ್ನಂತೂ ಯಾರೂ ಕೇಳಬೇಡಿ.

ನಾನು ಊಹಿಸದೇ ಇದ್ದದ್ದು, ಮೊದಲು ಕಿವಿ ಪರೀಕ್ಷೆ ಮಾಡಿದರು. ಅವನು ನಿದ್ದೆಯಲ್ಲಿದ್ದಾಗ ಹಣೆಗೆ, ಕಿವಿಯ ಹಿಂದೆ ವೈರ್ ಅಂಟಿಸಿ ನೋಡಿದರು. ಕಿವಿ ಚೆನ್ನಾಗಿಯೇ ಇದೆ! ಆಮೇಲೆ ಸೈಕಾಲಜಿಸ್ಟ್ ಅವನ ಜೊತೆ ಆಡುತ್ತಾ, ನಮ್ಮನ್ನೂ ಕೇಳುತ್ತಾ ಐಎಸ್‌ಎಎ (ಆಟಿಸಂ ಅಳೆಯುವ ಭಾರತೀಯ ಮಾಪಕ) ತುಂಬಿದರು. ಅದರಲ್ಲಿ 40 ಅಂಶ, ಒಟ್ಟು 70 ಅಂಕ ಅಥವಾ ಹೆಚ್ಚು ಬಂದರೆ ಆಟಿಸಂ. ಇವನದು ಸೌಮ್ಯ ಮಟ್ಟ. ಸ್ಪೀಚ್ ಥೆರಪಿ ಶುರುವಾಗಿದೆ.

ಮೈಸೂರು ದೂರ ಅನ್ನುವವರು ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಇದೆಯಾ ಅಂತ ವಿಚಾರಿಸಿ.