ನಾಲ್ಕು ಅಳಿವೆ, ಐದು ಜನ: ಒಟ್ಟಿಗೆ ಸಂಶೋಧನೆ ಶುರು ಮಾಡುವುದು ಹೇಗೆ?

ಕಾಳಿ_ದಂಡೆ (ಕಾರವಾರ):

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಾವು ಐದು ಜನ ಸೇರಿ ಒಂದು ಕೆಲಸ ಮಾಡಬೇಕೆಂದಿದ್ದೇವೆ. ಅಂಕೋಲಾದವರು ಅತಿಥಿ ಉಪನ್ಯಾಸಕರು, ಕುಮಟಾದ ಗೆಳತಿ ಈಗಷ್ಟೇ ಪಿಎಚ್‌ಡಿ ಮುಗಿಸಿದ್ದಾಳೆ, ಹೊನ್ನಾವರದವನು ಪ್ರಾಜೆಕ್ಟ್ ಅಸಿಸ್ಟೆಂಟ್, ಶಿರಸಿಯವರು ಅರಣ್ಯಶಾಸ್ತ್ರ ಓದಿ ಮಣ್ಣಿನ ಮೇಲೆ ಕೆಲಸ ಮಾಡುತ್ತಿದ್ದಾರೆ. ಯಾರ ಹೆಸರಿನಲ್ಲೂ ದೊಡ್ಡ ಅನುದಾನ ಇಲ್ಲ.

ನಮ್ಮ ವಿಷಯ ಬಳಚು, ಅಂದರೆ ಅಳಿವೆಯ ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಜೀವಿ. ಕಾರವಾರದಿಂದ ಹೊನ್ನಾವರದವರೆಗೆ ನೂರು ಕಿಲೋಮೀಟರ್ ಒಳಗೇ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ನದಿಗಳು ಸಮುದ್ರ ಸೇರುತ್ತವೆ, ಸೇರುವ ಜಾಗವೇ ಅಳಿವೆ. ಕಾಳಿಗೆ ಸೂಪಾ, ಕದ್ರಾ ಅಣೆಕಟ್ಟುಗಳಿವೆ, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಉಳಿದೆರಡಕ್ಕೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬಂದರೆ ಅಳಿವೆಯ ಉಪ್ಪು ಇಳಿಯುತ್ತದೆ, ಉಪ್ಪು ಇಳಿದರೆ ಬಳಚಿನ ಜಾತಿ, ಸಂಖ್ಯೆ ಎರಡೂ ಬದಲಾಗುತ್ತವೆ. ಇದನ್ನು ನಾಲ್ಕೂ ಕಡೆ ಒಂದೇ ದಿನ, ಒಂದೇ ಇಳಿತದಲ್ಲಿ (ಸಮುದ್ರದ ನೀರು ಇಳಿದ ಹೊತ್ತಿನಲ್ಲಿ) ಅಳೆಯಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ, ಅದಕ್ಕೇ ಐದು ಜನ.

ಆದರೆ ಈಗಲೇ ಗೊಂದಲ. ಮೊದಲ ಹೆಸರು ಯಾರದು? ಡೇಟಾ ಯಾರ ಹತ್ತಿರ ಇರಬೇಕು? ನಮ್ಮ ನಮ್ಮ ಗೈಡ್‌ಗಳ ಹೆಸರು ಹಾಕಬೇಕಾ? ದುಡ್ಡಿಗೆ ಎಲ್ಲಿ ಕೇಳುವುದು? ಹೀಗೆ ಕೆಲಸ ಮಾಡಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾನಿನ_ಮಣ್ಣು (ಶಿರಸಿ):

ತಂಗಿ, ನಾನೂ ಶಿರಸಿಯವನು, ಆದರೆ ನಿಮ್ಮ ಗುಂಪಿನವನಲ್ಲ. ಪ್ರಶ್ನೆ ಚೆನ್ನಾಗಿದೆ. ಹೆಸರಿನ ವಿಷಯಕ್ಕಿಂತ ಮೊದಲು ವಿಧಾನ ಗಟ್ಟಿ ಮಾಡಿಕೊಳ್ಳಿ, ಯಾಕೆಂದರೆ ಇಂಥ ಕೆಲಸ ಜಾಸ್ತಿ ಹಾಳಾಗುವುದು ಅಲ್ಲೇ.

ಹುಲ್ಲುಗಾವಲುಗಳ ಮೇಲೆ ನ್ಯೂಟ್ರಿಯೆಂಟ್ ನೆಟ್‌ವರ್ಕ್ ಎಂಬ ಜಾಗತಿಕ ಪ್ರಯೋಗ ನಡೆಯುತ್ತಿದೆ, ನೂರಕ್ಕೂ ಹೆಚ್ಚು ಜಾಗಗಳಲ್ಲಿ. ಎಲ್ಲ ಕಡೆಯೂ 5 ಮೀಟರ್‌ಗೆ 5 ಮೀಟರ್‌ನ ತಾಕು, ಒಂದೇ ಪ್ರಮಾಣದ ಗೊಬ್ಬರ, ಒಂದೇ ರೀತಿಯ ಅಳತೆ. ಪ್ರತಿ ಜಾಗದ ಖರ್ಚನ್ನು ಅಲ್ಲಿಯವರೇ ನೋಡಿಕೊಳ್ಳುತ್ತಾರೆ. ದುಡ್ಡು ಕಡಿಮೆ ಇದ್ದರೂ ವಿಧಾನ ಒಂದೇ ಇದ್ದದ್ದರಿಂದ ಅದು ಗಟ್ಟಿಯಾಗಿ ಉಳಿಯಿತು. ನಿಮ್ಮದೂ ಅದೇ ಮಾದರಿಯದು.

ಹಾಗಾಗಿ ಬೇರೆ ಬೇರೆಯಾಗಿ ಅಳಿವೆಗೆ ಇಳಿಯುವ ಮೊದಲು ಐದೂ ಜನ ಒಂದೇ ಜಾಗದಲ್ಲಿ ಸೇರಿ. ಅಘನಾಶಿನಿ ಅಳಿವೆಯ ತದಡಿ ಹತ್ತಿರ ಆಗಬಹುದು, ಎಲ್ಲರಿಗೂ ಮಧ್ಯ. ಒಂದೇ ಕೆಸರಿನಲ್ಲಿ ಪ್ರತಿಯೊಬ್ಬರೂ ಅವರವರ ಚೌಕ (ಎಣಿಸುವ ಜಾಗ ಗುರುತಿಸುವ ಚೌಕಟ್ಟು) ಇಟ್ಟು, ಅವರವರೇ ಸೋಸಿ, ಎಣಿಸಿ. ಲೆಕ್ಕ ಎಷ್ಟು ಹೆಚ್ಚುಕಡಿಮೆ ಬರುತ್ತದೆ ನೋಡಿ. ಒಬ್ಬರ ಜರಡಿ 1 ಮಿಲಿಮೀಟರ್‌ನದು, ಇನ್ನೊಬ್ಬರದು 2 ಎಂದಾದರೆ ಮರಿ ಬಳಚಿನ ಲೆಕ್ಕ ಪೂರ್ತಿ ಬೇರೆಯಾಗುತ್ತದೆ, ಆಮೇಲೆ ಕಾಳಿಗೂ ಅಘನಾಶಿನಿಗೂ ವ್ಯತ್ಯಾಸ ಇದೆ ಎಂದು ಬರೆದರೆ ಅದು ನದಿಯ ವ್ಯತ್ಯಾಸವಲ್ಲ, ಜರಡಿಯದು. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ಗಳನ್ನೂ ಅಲ್ಲೇ ಒಟ್ಟಿಗೆ ಇಟ್ಟು, ಡಿಸ್ಟಿಲ್ಡ್ ನೀರಿಗೆ ಸೊನ್ನೆ ತೋರಿಸುತ್ತವಾ ಎಂದು ನೋಡಿ. ಆಮೇಲೆ ಒಂದೇ ಬಾಟಲಿಯ ಸಮುದ್ರದ ನೀರನ್ನು ಎಲ್ಲದರಲ್ಲೂ ಓದಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ಅಣೆಕಟ್ಟು ಇರುವ ಎರಡು ನದಿ, ಇಲ್ಲದ ಎರಡು ನದಿ. ಇಷ್ಟರಿಂದ "ಅಣೆಕಟ್ಟಿನಿಂದಲೇ ಹೀಗಾಯಿತು" ಎಂದು ಹೇಳಲು ಬರುವುದಿಲ್ಲ. ಪ್ರತಿ ನದಿಯಲ್ಲಿ ಐವತ್ತು ಚೌಕ ಹಾಕಿದರೂ ನದಿಗಳು ನಾಲ್ಕೇ ಅಲ್ವಾ? ಅದರ ಮೇಲೆ ಗಂಗಾವಳಿಗೆ 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಅಷ್ಟೊಂದು ಮಣ್ಣು ಬಿದ್ದಿದೆ. ಅದನ್ನು ಸುಮ್ನೆ ಅಘನಾಶಿನಿಯ ಜೊತೆ ಒಂದೇ ಗುಂಪಿಗೆ ಸೇರಿಸಬೇಡಿ. ಬದಲಿಗೆ ಪ್ರತಿ ನದಿಯಲ್ಲೂ ಬಾಯಿಯಿಂದ ಮೇಲಕ್ಕೆ ಹಲವು ಜಾಗ ಆರಿಸಿ, ಉಪ್ಪಿನ ಪ್ರಮಾಣ ಏರಿಳಿದಂತೆ ಬಳಚು ಹೇಗೆ ಬದಲಾಗುತ್ತದೆ ಎಂದು ಕೇಳಿ. ಆ ಪ್ರಶ್ನೆಗೆ ನಿಮ್ಮ ಐದು ಜನರ ಡೇಟಾ ನಿಜವಾಗಿ ಉತ್ತರ ಕೊಡುತ್ತದೆ.

ತದಡಿ_ಹುಡುಗ:

ಅಕ್ಕ, ನಾನು ಹೆಸರಿನ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಸೇರಿದ್ದ ಒಂದು ಗುಂಪಿನಲ್ಲಿ ಮಳೆಗಾಲವೂ ಬಿಡದೆ ಮಾದರಿ ತಂದುಕೊಟ್ಟೆ. ಪೇಪರ್ ಬಂದಾಗ ನನ್ನ ಹೆಸರು ಕೊನೆಯ ಧನ್ಯವಾದದ ಸಾಲಿನಲ್ಲಿತ್ತು. ಮೊದಲೇ ಯಾರೂ ಏನೂ ಬರೆದಿಟ್ಟಿರಲಿಲ್ಲ, ಹಾಗಾಗಿ ಕೇಳಲು ಆಧಾರವೂ ಇರಲಿಲ್ಲ. ಅದು ಇವತ್ತಿಗೂ ನೋವು ಕೊಡುತ್ತದೆ.

ಆದ್ದರಿಂದ ಮೊದಲ ಚೌಕ ಇಡುವ ಮೊದಲೇ ಬರೆಯಿರಿ. ವಕೀಲರ ಭಾಷೆ ಬೇಡ, ಎರಡು ಪುಟ ಸಾಕು, ಐದೂ ಜನ ಸಹಿ ಹಾಕಿ, ಎಲ್ಲರ ಇಮೇಲ್‌ನಲ್ಲೂ ಇರಲಿ. ಕ್ರೆಡಿಟ್ ಎಂಬ ಪಟ್ಟಿ ಇದೆ, ಅದರಲ್ಲಿ 14 ಬಗೆಯ ಪಾತ್ರಗಳಿವೆ. ಕಲ್ಪನೆ ಯಾರದು, ವಿಧಾನ ಯಾರು ರೂಪಿಸಿದರು, ಮಾದರಿ ಯಾರು ತಂದರು, ಡೇಟಾ ಯಾರು ಶುದ್ಧ ಮಾಡಿದರು, ದುಡ್ಡು ಯಾರು ತಂದರು, ಹೀಗೆ. ತುಂಬಾ ಜರ್ನಲ್‌ಗಳು ಈಗ ಇದನ್ನು ಕೇಳುತ್ತವೆ. ಆ ಪಟ್ಟಿಯನ್ನು ಕೊನೆಗೆ ತುಂಬಿಸುವ ಬದಲು ಶುರುವಿಗೇ ತುಂಬಿಸಿ, ಪ್ರತಿ ಆರು ತಿಂಗಳಿಗೆ ತಿದ್ದಿ. ಗೈಡ್‌ಗಳ ಪ್ರಶ್ನೆಗೂ ಅದೇ ಉತ್ತರ. ಕೆಲಸ ಮಾಡಿದ ಗೈಡ್ ಹೆಸರು ಬರಲಿ, ಆದರೆ ಈಗಲೇ ಹೋಗಿ ಮಾತಾಡಿ. ಪೇಪರ್ ಬರೆದ ಮೇಲೆ ಹೇಳಿದರೆ ಅವರಿಗೂ ಬೇಸರ, ನಿಮಗೂ ಕಷ್ಟ.

ಮೊದಲ ಹೆಸರು ಒಂದೇ ಎಂದುಕೊಂಡರೆ ಜಗಳ ಖಂಡಿತ. ಉಪ್ಪು ಮತ್ತು ಬಳಚಿನ ಪೇಪರ್ ನಿಮ್ಮದು, ಕೆಸರಿನ ಇಂಗಾಲದ್ದು ಶಿರಸಿಯವರದು, ಹೀಗೆ ಮೊದಲೇ ಹಂಚಿಕೊಳ್ಳಿ. ಯಾವ ಡೇಟಾ ಯಾರ ಥೀಸಿಸ್‌ನ ಅಧ್ಯಾಯ ಆಗುತ್ತದೆ ಎಂಬುದನ್ನೂ ಬರೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ. ಒಬ್ಬರಿಗೆ ನೌಕರಿ ಸಿಕ್ಕಿ ಅರ್ಧದಲ್ಲಿ ಹೋದರೆ ಅವರ ಡೇಟಾ ಗುಂಪಿನಲ್ಲಿ ಉಳಿಯುತ್ತದಾ, ಅವರ ಹೆಸರು ಉಳಿಯುತ್ತದಾ? ನಮ್ಮ ವಯಸ್ಸಿನಲ್ಲಿ ಯಾರಾದರೂ ಒಬ್ಬರು ಹೋಗೇ ಹೋಗುತ್ತಾರೆ. ಹೋಗುವವರ ಹೆಸರು ಉಳಿಯಬೇಕು ಎನ್ನುವುದು ನನ್ನ ಅಭಿಪ್ರಾಯ.

ಡೇಟಾ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಬೇಡ. ಕೆಲಸ ಮುಗಿದ ಮೇಲೆ ಝೆನೊಡೊದಲ್ಲಿ ಐದೂ ಹೆಸರು ಹಾಕಿ ಇಡಿ. ಯುರೋಪಿನ ಸಂಶೋಧನಾ ಸಂಸ್ಥೆ ಸೆರ್ನ್ ನಡೆಸುವ ಉಚಿತ ಆನ್‌ಲೈನ್ ಜಾಗ, ಡಿಒಐ (ಡೇಟಾಗೆ ಕಾಯಂ ಗುರುತಿನ ಸಂಖ್ಯೆ) ಸಿಗುತ್ತದೆ, ಬೇಕಾದರೆ ಪೇಪರ್ ಬರುವವರೆಗೆ ಮುಚ್ಚಿಡಲೂಬಹುದು.

ಹೊಳೆಸಾಲು (ಕುಮಟಾ):

ನನ್ನ ಅಮ್ಮ, ಅತ್ತೆ ಎಲ್ಲ ಅಘನಾಶಿನಿಯಲ್ಲಿ ಬಳಚು ತೆಗೆದು ಮಾರಿದವರು. ನಾನು ನಿಮ್ಮ ಗುಂಪಿನವಳಲ್ಲ, ಈಗ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಈ ಹೆಂಗಸರು ಎಲ್ಲೂ ಕಾಣಲಿಲ್ಲ. ಯಾವ ದಿಬ್ಬದಲ್ಲಿ ಯಾವ ಬಳಚು, ಯಾವ ವರ್ಷ ಕಡಿಮೆಯಾಯಿತು, ಮರಳು ತೆಗೆದ ಮೇಲೆ ಏನಾಯಿತು ಎಂಬುದು ಅವರಿಗೆ ಗೊತ್ತು. ಜಾಗ ಆರಿಸುವ ಮೊದಲು ಹೋಗಿ ಕೇಳಿ. ಇಳಿತದ ಹೊತ್ತು ಅವರ ದುಡಿಮೆಯ ಹೊತ್ತು, ನಿಮ್ಮ ಜೊತೆ ನಿಂತರೆ ಅವತ್ತಿನ ಸಂಪಾದನೆ ಹೋಗುತ್ತದೆ. ಹಾಗಾಗಿ ದಿನದ ಕೂಲಿಯನ್ನು ಬಜೆಟ್‌ನಲ್ಲೇ ಬರೆಯಿರಿ. 2024ರಲ್ಲಿ ಅಘನಾಶಿನಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಸಂಶೋಧಕರು ಬರುವುದು ಇನ್ನೂ ಜಾಸ್ತಿ ಆಗುತ್ತದೆ. ಬಂದವರು ಏನು ಕಂಡರು ಎಂದು ಕನ್ನಡದಲ್ಲಿ ವಾಪಸ್ ಹೇಳಲೇಬೇಕು. ನೀವು ಅದನ್ನು ಮಾಡಿ.

ಕಾನಿನ_ಮಣ್ಣು (ಶಿರಸಿ):

ಹೊಳೆಸಾಲು ಅವರ ಮಾತು ನೂರಕ್ಕೆ ನೂರು ಸರಿ.

ದುಡ್ಡಿನ ಬಗ್ಗೆ: ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಎಎನ್‌ಆರ್‌ಎಫ್‌ನ ಅರ್ಲಿ ಕರಿಯರ್ ಅನುದಾನದಂಥವು ಒಬ್ಬರ ಹೆಸರಿಗೆ, ಅದೂ ಕಾಯಂ ಹುದ್ದೆ ಇದ್ದವರಿಗೆ. ನಿಮ್ಮ ಐದು ಜನಕ್ಕೆ ಈಗ ಹೊಂದುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಜರಡಿ, ಚೌಕ, ಬಸ್ ಖರ್ಚು, ಕೂಲಿ, ಇಷ್ಟೇ ತಾನೇ? ಒಂದು ಋತು ಕೈಯಿಂದಲೇ ನಡೆಸಿ ಡೇಟಾ ತೋರಿಸಿದರೆ ಆಮೇಲೆ ಕೇಳುವುದು ಸುಲಭ. ಮಣ್ಣಿನ ಪರೀಕ್ಷೆಗೆ ಬೇಕಾದರೆ ನಾನು ಜೊತೆಯಾಗುತ್ತೇನೆ. ಅದಕ್ಕೆ ನನ್ನ ಹೆಸರು ಹಾಕುವ ಅಗತ್ಯ ಇಲ್ಲ.

ಕಾಳಿ_ದಂಡೆ (ಕಾರವಾರ):

ಸರ್, ತಮ್ಮಾ, ಅಕ್ಕ, ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಗುಂಪಿನವರಿಗೆ ಕಳಿಸಿದ್ದೇನೆ. ಪ್ರಶ್ನೆ ಬದಲಾಯಿಸಿದ್ದೇವೆ, ಅಣೆಕಟ್ಟಿನ ಬದಲು ಉಪ್ಪಿನ ಏರಿಳಿತ. ಒಪ್ಪಂದದ ಕರಡು ಕುಮಟಾದವಳು ಬರೆಯುತ್ತಿದ್ದಾಳೆ. ಮಳೆ ಬಿಟ್ಟ ಮೇಲಿನ ಅಮಾವಾಸ್ಯೆಗೆ, ಇಳಿತ ಹೆಚ್ಚಿರುವಾಗ, ಐದೂ ಜನ ತದಡಿಯಲ್ಲಿ ಸೇರುತ್ತೇವೆ. ಹೊಳೆಸಾಲು ಅಕ್ಕ, ಅದಕ್ಕೂ ಮೊದಲು ನಿಮ್ಮ ಅಮ್ಮನವರನ್ನು ಭೇಟಿ ಮಾಡಬಹುದಾ? ಸದ್ಯಕ್ಕೆ ನಮ್ಮ ಹತ್ತಿರ ಮೂರೇ ರಿಫ್ರಾಕ್ಟೋಮೀಟರ್ ಇವೆ, ಯಾರಾದರೂ ಒಂದು ಋತುವಿಗೆ ಇನ್ನೊಂದನ್ನು ಕೊಡಬಲ್ಲಿರಾದರೆ ತಿಳಿಸಿ.