ಲಂಡನ್ ಡಾಕ್‌ಲ್ಯಾಂಡ್ಸ್: ತೆರಿಗೆ ಮಾಫಿ ಇದ್ದೂ ಕೆನರಿ ವಾರ್ಫ್ 1992ರಲ್ಲಿ ಎಡವಿದ್ದು ಯಾಕೆ?

ಧಕ್ಕೆಮನೆ:
ಲಂಡನ್‌ನ ಹಳೇ ಹಡಗುಕಟ್ಟೆಗಳ (ಡಾಕ್) ಪ್ರದೇಶವೇ ಡಾಕ್‌ಲ್ಯಾಂಡ್ಸ್. ಅಲ್ಲಿ ಕೆನರಿ ವಾರ್ಫ್ ಇರುವ ಐಲ್ ಆಫ್ ಡಾಗ್ಸ್ 1982ರಲ್ಲಿ ಎಂಟರ್‌ಪ್ರೈಸ್ ಝೋನ್ (ಉದ್ಯಮಕ್ಕೆ ರಿಯಾಯಿತಿ ಕೊಡುವ ವಲಯ) ಆಯ್ತು. ಹತ್ತು ವರ್ಷ ಸ್ಥಳೀಯ ತೆರಿಗೆ ಇಲ್ಲ, ಕಟ್ಟಡಕ್ಕೆ ಸುರಿದ ದುಡ್ಡಿಗೂ ತೆರಿಗೆ ವಿನಾಯಿತಿ. ಆದರೂ ಕೆನರಿ ವಾರ್ಫ್ ಕಟ್ಟಿದ ಕಂಪನಿ ಒಲಿಂಪಿಯಾ ಅಂಡ್ ಯಾರ್ಕ್ 1992ರಲ್ಲಿ ದಿವಾಳಿ. ಎಲ್ಲಿ ಎಡವಟ್ಟಾಯ್ತು? ಇನ್ನೊಂದು, ಡಾಕ್‌ಗಳ ನೀರು ಬತ್ತಿಸಿ ಮಣ್ಣು ತುಂಬಿಬಿಟ್ಟಿದ್ದರೆ ಕಟ್ಟೋದು ಸಲೀಸಾಗ್ತಿರಲಿಲ್ವಾ?

ಹಳಿಬಂಡಿ:
ಆಗ ಲಂಡನ್‌ನಲ್ಲಿ ಆಫೀಸುಗಳಿಗೆ ಬಾಡಿಗೆದಾರರೇ ಇಲ್ಲದ ಮಂದಗತಿ. ಅದರ ಮೇಲೆ ರೈಲು ಸಾಲದು. 1987ರ ಡಿಎಲ್‌ಆರ್‌ಗೆ (ಡಾಕ್‌ಲ್ಯಾಂಡ್ಸ್‌ನ ಲಘು ರೈಲು) ಹಾಕಿದ್ದು 7.7 ಕೋಟಿ ಪೌಂಡ್ ಅಷ್ಟೇ: 11 ರೈಲು, 15 ಸ್ಟೇಷನ್. ಕಾಸು ಉಳಿಸಲು ಹಳೇ ಬ್ಲ್ಯಾಕ್‌ವಾಲ್ ರೈಲಿನ ಕಮಾನು ಸೇತುವೆಯನ್ನೇ ಬಳಸಿಕೊಂಡರು. ಲಂಡನ್‌ನ ಹಣಕಾಸು ಕೇಂದ್ರದಲ್ಲಿರುವ ಬ್ಯಾಂಕ್ ಸ್ಟೇಷನ್‌ಗೆ ಸುರಂಗ ತಲುಪಿದ್ದು 1991ರಲ್ಲಿ. ಮೊದಲ ಬೋಗಿಗಳು ಬೆಂಕಿ ಸುರಕ್ಷತೆಯ ನಿಯಮಕ್ಕೆ ಹೊಂದದೆ ಆ ಸುರಂಗಕ್ಕೆ ಇಳಿಯುವಂತಿರಲಿಲ್ಲ. ಆಮೇಲೆ ಆ ಬೋಗಿಗಳನ್ನು ಜರ್ಮನಿಯ ಎಸ್ಸೆನ್‌ಗೆ ಮಾರಿದರು. ಕೆನರಿ ವಾರ್ಫ್‌ನ 50 ಮಹಡಿಯ ಗೋಪುರ ತಲೆ ಎತ್ತಿದ್ದೂ 1991ರಲ್ಲೇ, ಲಂಡನ್ ಮೆಟ್ರೋದ ಜ್ಯುಬಿಲಿ ಲೈನ್ ಅಲ್ಲಿಗೆ ಬಂದಿದ್ದು 1999ಕ್ಕೆ. ತೆರಿಗೆ ಮಾಫಿ ಕಟ್ಟಡ ಎಬ್ಬಿಸುತ್ತೆ, ಜನರನ್ನು ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಗೆ ಮುಟ್ಟಿಸಲ್ಲ.

ಕಲ್ಲುಕಟ್ಟೆ:
ಸರ್ರೆ ಡಾಕ್ಸ್‌ನ ಬಹುಪಾಲು ಹಾಗೇ ಮಣ್ಣು ತುಂಬಿ ಮನೆ ಕಟ್ಟಿದ್ದು. ಆದರೆ ಕೆನರಿ ವಾರ್ಫ್ ಇರುವ ವೆಸ್ಟ್ ಇಂಡಿಯಾ ಡಾಕ್ಸ್‌ನ ಗೋಡೆ 1802ರ ಕಾಲದ ಇಟ್ಟಿಗೆಯದು, ಬಾಳೆಹಣ್ಣಿನಂತೆ ಒಳಬಾಗು. ಹಿಂದಿನಿಂದ ಮಣ್ಣು ದೂಡುತ್ತೆ, ಮುಂದಿನಿಂದ ನೀರು ತಡೆಯುತ್ತೆ. ಸುಮ್ಮನೆ ಪಂಪು ಹಚ್ಚಿ ನೀರು ತೆಗೆದರೆ ಗೋಡೆ ಒಳಕ್ಕೆ ವಾಲುವ ಅಪಾಯ. ಅದಕ್ಕೇ ಎಲಿಜಬೆತ್ ಲೈನ್ ರೈಲಿನ ಸ್ಟೇಷನ್‌ಗೆ 2009ರಲ್ಲಿ ಅಲ್ಲಿನ ನಾರ್ತ್ ಡಾಕ್‌ನೊಳಗೆ ಉಕ್ಕಿನ ಪೈಲ್‌ಗಳ (ನೆಲಕ್ಕಿಳಿಸುವ ಕಂಬ) ಕಾಫರ್‌ಡ್ಯಾಂ, ಅಂದ್ರೆ ನೀರು ತಡೆಯುವ ತಾತ್ಕಾಲಿಕ ಗೋಡೆ ಕಟ್ಟಿಕೊಂಡು, ಅದರೊಳಗಿನ ಸುಮಾರು 10 ಕೋಟಿ ಲೀಟರ್ ನೀರನ್ನಷ್ಟೇ ತೆಗೆದರು. ಪೈಲ್‌ಗಳನ್ನು ಬಡಿಯದೆ ಒತ್ತಿ ಇಳಿಸಿದರು, ಪಕ್ಕದಲ್ಲೇ ಬ್ಯಾಂಕ್ ಆಫೀಸುಗಳಿದ್ದವಲ್ಲ.

ಲಂಗರು:
ಡಾಕ್‌ಲ್ಯಾಂಡ್ಸ್‌ನ ಪುನರುಜ್ಜೀವನ 1981ರ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮದಿಂದಲೇ ಶುರುವಾಯ್ತು ಅನ್ನೋದು ಅರ್ಧ ಸತ್ಯ. ಸೇಂಟ್ ಕ್ಯಾಥರೀನ್ ಡಾಕ್ಸ್ ಮುಚ್ಚಿದ್ದು 1968ರಲ್ಲಿ, 70ರ ದಶಕದಲ್ಲೇ ಅಲ್ಲಿ ದೋಣಿ ತಂಗುದಾಣ, ಹೋಟೆಲ್ ಬಂದಿದ್ದವು. ಕಂಟೇನರ್ ಹಡಗು ಹಳೇ ಲಾಕ್‌ಗೇಟಲ್ಲಿ (ಹೊಳೆಯಿಂದ ಡಾಕ್‌ಗೆ ಹೋಗುವ ಬಾಗಿಲು) ಹಿಡಿಸದೆ ವ್ಯಾಪಾರ ಕೆಳಹೊಳೆಯ ಟಿಲ್‌ಬರಿಗೆ ಹೋಯ್ತು. ಕೆಲಸ ಕಳೆದುಕೊಂಡ ಡಾಕ್ ಹಮಾಲರಿಗೆ ಗೋಪುರದ ಆಫೀಸು ಕೆಲಸ ಒಗ್ಗುವಂಥದ್ದೂ ಅಲ್ಲ. ನಿಗಮ ಬಂದು ಮಾಡಿದ ದೊಡ್ಡ ಬದಲಾವಣೆ ಅಂದ್ರೆ ಕಟ್ಟಡ ಪರವಾನಗಿಯನ್ನು ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ಕಿತ್ತುಕೊಂಡಿದ್ದು. ಕೆಲಸ ಚುರುಕಾಯ್ತು, ಹೌದು. ಊರವರ ಸಿಟ್ಟು ಮಾತ್ರ 1998ರಲ್ಲಿ ನಿಗಮ ಬಾಗಿಲು ಹಾಕಿದ ಮೇಲೂ ಆರಲಿಲ್ಲ.